ಹಿಮದಡಿ ಮಲಗುವ ಪಾಸಮ್

ಪ್ರಶ್ನೆ: ಆಸ್ಟ್ರೇಲಿಯಾದಲ್ಲೂ ಹಿಮ ಬೀಳುವ ಬೆಟ್ಟಗಳಿವೆಯಂತೆ. ಆ ಚಳಿಯಲ್ಲಿ ಹೊಟ್ಟೆಚೀಲದ ಪ್ರಾಣಿಗಳು ಹೇಗೆ ಬದುಕುತ್ತವೆ?

ಉತ್ತರ: ಇವೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಕಾಸಿಯಸ್ಕೊ ರಾಷ್ಟ್ರೀಯ ಉದ್ಯಾನ ಸುಮಾರು 6,900 ಚದರ ಕಿ.ಮೀ. ಹರಡಿಕೊಂಡಿದೆ. ಆಸ್ಟ್ರೇಲಿಯಾ ಮುಖ್ಯಭೂಮಿಯ ಅತಿ ಎತ್ತರದ ಶಿಖರ (2,228 ಮೀಟರ್) ಇರುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಇಳಿಜಾರುಗಳಲ್ಲಿ ಹಿಮ ಕೂತಿರುತ್ತದೆ. ವೊಂಬ್ಯಾಟ್‌ಗಳು ಆಗಲೂ ಹಿಮ ಕೆದರಿ ಹುಲ್ಲು ಹುಡುಕುತ್ತವೆ.

ಆದರೆ ನಿಮ್ಮ ಪ್ರಶ್ನೆಗೆ ತಕ್ಕ ಪ್ರಾಣಿಯೆಂದರೆ ಬೆಟ್ಟದ ಪಿಗ್ಮಿ ಪಾಸಮ್. ತೂಕ ಸುಮಾರು 45 ಗ್ರಾಂ, ನೋಡಲು ಇಲಿಯಷ್ಟೇ. 1895ರಲ್ಲಿ ಪಳೆಯುಳಿಕೆಯಿಂದ ಇದನ್ನು ಗುರುತಿಸಿದ ವಿಜ್ಞಾನ ಲೋಕ, ಇದರ ವಂಶ ಅಳಿದಿದೆ ಎಂದೇ ನಂಬಿತ್ತು. 1966ರಲ್ಲಿ ನೆರೆಯ ವಿಕ್ಟೋರಿಯಾ ರಾಜ್ಯದ ಸ್ಕೀಯಿಂಗ್ ತಂಗುದಾಣವೊಂದರಲ್ಲಿ ಜೀವಂತವಾಗಿಯೇ ಸಿಕ್ಕಿತು!

ಚಳಿಗಾಲ ಬಂತೆಂದರೆ ಇದು ಬಂಡೆಗಳ ಸಂದಿನಲ್ಲಿ ಮುದುಡಿ ನಿದ್ದೆ ಹೋಗುತ್ತದೆ. ಮೈಯ ಉಷ್ಣಾಂಶ 2 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆ. ಆಗಾಗ ಎಚ್ಚರವಾಗುವುದೂ ಉಂಟು. ಪ್ರತಿ ಎಚ್ಚರಕ್ಕೂ ಮೈಯ ಕೊಬ್ಬು ಕರಗುತ್ತದೆ. ಮೇಲೆ ಬಿದ್ದ ಹಿಮವೇ ಇದಕ್ಕೆ ಕಂಬಳಿ. ಹೊರಗಿನ ಗಾಳಿ ಶೂನ್ಯಕ್ಕಿಂತ ಎಷ್ಟೇ ಕೆಳಗಿಳಿದರೂ ಹಿಮದಡಿಯಲ್ಲಿ ಅಷ್ಟು ಕೊರೆಯುವುದಿಲ್ಲ. ಹಾಗಾಗಿ ಹಿಮ ಕಡಿಮೆ ಬಿದ್ದ ವರ್ಷವೇ ಪಾಸಮ್‌ಗೆ ಚಳಿ ಹೆಚ್ಚು.

ವಸಂತದಲ್ಲಿ ಎದ್ದಾಗ ಹಸಿವು ತಣಿಸುವುದು ಬೋಗೊಂಗ್ ಪತಂಗ. ದಕ್ಷಿಣ ಕ್ವೀನ್ಸ್‌ಲ್ಯಾಂಡಿನಂಥ ದೂರದ ಬಯಲುಗಳಲ್ಲಿ ಹುಟ್ಟುವ ಈ ಪತಂಗಗಳು ಬೇಸಗೆಯ ಬಿಸಿಲು ತಪ್ಪಿಸಿಕೊಳ್ಳಲು ಸಾವಿರ ಕಿ.ಮೀ.ವರೆಗೂ ಹಾರಿ ಬಂದು ಬೆಟ್ಟದ ಗುಹೆಗಳಲ್ಲಿ ತಂಗುತ್ತವೆ. ಗುಹೆಯ ಗೋಡೆಯ ಒಂದು ಚದರ ಮೀಟರ್ ಜಾಗದಲ್ಲಿ ಸುಮಾರು 17,000 ಪತಂಗಗಳು ಒತ್ತೊತ್ತಾಗಿ ಕೂರಬಲ್ಲವು. ಮೂಲನಿವಾಸಿಗಳೂ ಹಿಂದೆ ಬೇಸಗೆಯಲ್ಲಿ ಬೆಟ್ಟವೇರಿ, ಕೊಬ್ಬು ತುಂಬಿದ ಇವನ್ನು ಸುಟ್ಟು ತಿನ್ನುತ್ತಿದ್ದರು.

ತೊಡಕಿರುವುದೂ ಇಲ್ಲೇ. 2017ರ ನಂತರದ ಬರಗಾಲದಲ್ಲಿ ಪತಂಗಗಳ ಸಂಖ್ಯೆ ಕುಸಿಯಿತು. ಆಹಾರ ಸಾಲದೆ ಎಷ್ಟೋ ತಾಯಿ ಪಾಸಮ್‌ಗಳು ಚೀಲದಲ್ಲಿದ್ದ ಮರಿಗಳನ್ನು ಕಳೆದುಕೊಂಡವು. ಹಿಮ ಬೇಗ ಕರಗಿದರೂ ಕಷ್ಟವೇ: ಪಾಸಮ್ ಎದ್ದಿರುತ್ತದೆ, ಪತಂಗ ಇನ್ನೂ ಬಂದಿರುವುದಿಲ್ಲ. ಉದ್ಯಾನದ ಗಡಿಯನ್ನು ಎಷ್ಟು ಬಿಗಿಯಾಗಿ ಕಾದರೂ ಇದಕ್ಕೆ ಪರಿಹಾರವಿಲ್ಲ. ಊರುಗಳ ದೀಪಗಳಿಗೆ ಮರುಳಾಗಿ ಪತಂಗಗಳು ದಾರಿ ತಪ್ಪುವುದರಿಂದ, ವಸಂತದ ರಾತ್ರಿಗಳಲ್ಲಿ ಬೇಡದ ದೀಪ ಆರಿಸಿ ಎಂದು ಅಲ್ಲಿನ ಮೃಗಾಲಯಗಳು ಜನರನ್ನು ಕೇಳಿಕೊಳ್ಳುತ್ತಿವೆ.