ಮರಗೆಲಸಕ್ಕೆ ಎಂಥ ಮೇಜು?

ಮನೆಯ ಮೂಲೆಯಲ್ಲಿ ಪುಟ್ಟ ಕಾರ್ಯಾಗಾರವನ್ನು ಹೂಡಿ, ಪುಸ್ತಕದ ಕಪಾಟನ್ನು ತಾವೇ ಮಾಡಿಕೊಳ್ಳಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳು ಮೊದಲು ಕೊಳ್ಳುವುದು ಗರಗಸ, ಉಳಿ, ಸುತ್ತಿಗೆಗಳನ್ನು. ಕೆಲಸದ ಮೇಜು ನೆನಪಾಗುವುದು ಕಟ್ಟಕಡೆಗೆ. ಆಗ ಓದುವ ಮೇಜನ್ನೇ ಎಳೆದುಕೊಂಡು ತೊಡಗುತ್ತಾರೆ. ಮೇಜು ಅಲುಗುತ್ತದೆ, ಹಲಗೆ ಜಾರುತ್ತದೆ, ಉಳಿ ಕೈಗೆ ನಾಟುತ್ತದೆ. ಆದುದರಿಂದ ಮೇಜಿನ ಆಯ್ಕೆಯಲ್ಲಿ ಅನುಕೂಲದೊಡನೆ ಕ್ಷೇಮವೂ ಅಡಗಿದೆ.

ನಮ್ಮ ನಾಡಿನ ಬಡಗಿ ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ಕೆಲಸ ಮಾಡುವುದನ್ನು ನಾವು ಕಂಡಿದ್ದೇವೆ. ಅವನಿಗೆ ನೆಲವೇ ಮೇಜು, ಅದು ಅಲುಗುವಂತಿಲ್ಲ. ನಿಂತು ಕೆಲಸ ಮಾಡುವವರ ಮೇಜಿಗೂ ಈ ಗುಣವೇ ಬೇಕು.

ಒಂದು ಲೆಕ್ಕವನ್ನು ನೋಡೋಣ. ಮೇಜಿನ ತೂಕ 60 ಕಿಲೋಗ್ರಾಂ, ಎತ್ತರ 85 ಸೆಂಟಿಮೀಟರು, ಅಡ್ಡಲಾಗಿ ಕಾಲುಗಳ ಅಂತರ 50 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಉಜ್ಜುಗೊರಡಿನಿಂದ ನಾವು ಅಡ್ಡಲಾಗಿ 20 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಿದರೆ, ಉರುಳಿಸುವ ಪ್ರಭಾವ 20 × 85 = 1700. ಇದನ್ನು ತಡೆಯುವ ತೂಕವು ಆಚೆಯ ಕಾಲಿನಿಂದ 25 ಸೆಂಟಿಮೀಟರು ದೂರದಲ್ಲಿ ವರ್ತಿಸುವುದರಿಂದ, ತಡೆಯ ಪ್ರಭಾವ 60 × 25 = 1500 ಮಾತ್ರ. ಕಾಲುಗಳು ಜಾರದಿದ್ದರೆ ಮೇಜು ವಾಲಲೇಬೇಕು! ಕಾಲುಗಳ ನಡುವಿನ ಕೆಳಹಲಗೆಯ ಮೇಲೆ 20 ಕಿಲೋಗ್ರಾಂ ಕಲ್ಲುಗಳನ್ನು ಹೇರಿದರೆ ತಡೆ 80 × 25 = 2000 ಆಗಿ, ಮೇಜು ನಿಲ್ಲುತ್ತದೆ. ಉದ್ದಕ್ಕೆ ಉಜ್ಜುವಾಗ ಕಾಲುಗಳ ಅಂತರವು ಹೆಚ್ಚಾದುದರಿಂದ ಈ ಭಯವು ಬಹಳ ಕಡಿಮೆ.

ತೂಕವೊಂದೇ ಸಾಲದು. ನಾಲ್ಕು ಪಟ್ಟಿಗಳನ್ನು ಮೊಳೆಯಿಂದ ಸೇರಿಸಿದ ಚೌಕಟ್ಟು ಸುಲಭವಾಗಿ ಓರೆಯಾಗುತ್ತದೆ. ಮೂರು ಪಟ್ಟಿಗಳ ತ್ರಿಕೋನ ಹಾಗಾಗದು. ಆದುದರಿಂದ ಕಾಲುಗಳ ನಡುವೆ ಓರೆಪಟ್ಟಿಗಳಿರುವ ಮೇಜನ್ನು ಆರಿಸುವುದು ಒಳಿತು.

ಮೇಲ್ಹಲಗೆ ದಪ್ಪವಾಗಿರಲಿ. ತೇಗದ ಹಲಗೆ 150 ಸೆಂಟಿಮೀಟರು ಉದ್ದ, 60 ಅಗಲ, 7.5 ದಪ್ಪವಿದ್ದರೆ ಅದೊಂದೇ ಸುಮಾರು 44 ಕಿಲೋಗ್ರಾಂ ತೂಗುತ್ತದೆ. ಆದರೆ ತೇಗವೇ ಬೇಕೆಂದಿಲ್ಲ. ಚೆನ್ನಾಗಿ ಒಣಗಿದ, ಭಾರವಾದ ಬೇರೆ ಮರವೂ ಆದೀತು. ಮಳೆಗಾಲದ ತೇವಕ್ಕೆ ಮರವು ಎಳೆಗಳಿಗೆ ಅಡ್ಡಲಾಗಿ ಉಬ್ಬುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಹಲಗೆಯನ್ನು ಅಗಲದುದ್ದಕ್ಕೂ ಬಿಗಿದುಬಿಟ್ಟರೆ ಅದು ಬಾಗುವುದು ಅಥವಾ ಸೀಳುವುದು.

ಎತ್ತರಕ್ಕೆ ಅಳತೆಗೋಲು ನಮ್ಮ ಮೈಯೇ. ನೆಟ್ಟಗೆ ನಿಂತು, ತೋಳನ್ನು ಇಳಿಬಿಟ್ಟು, ಅಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಮಡಿಸಿದಾಗ ಅದು ಇರುವ ಎತ್ತರವೇ ಮೇಜಿನ ಎತ್ತರ. ಇದಕ್ಕಿಂತ ಎತ್ತರವಾದರೆ ಮೈಭಾರವು ತೋಳಿಗೆ ನೆರವಾಗದು. ತಗ್ಗಾದರೆ ಬೆನ್ನು ನೋಯುತ್ತದೆ.

ಕೊಳ್ಳುವ ಮುನ್ನ ಮೇಜಿನ ಅಂಚನ್ನು ಹಿಡಿದು ಅಡ್ಡಕ್ಕೂ ಉದ್ದಕ್ಕೂ ಬಲವಾಗಿ ತಳ್ಳಿ ನೋಡಿರಿ. ಹೊಳಪನ್ನು ನೋಡುವ ಕಣ್ಣಿಗಿಂತ ತಳ್ಳುವ ಕೈಯೇ ಇಲ್ಲಿ ಒಳ್ಳೆಯ ಪರೀಕ್ಷಕ.