ಜ್ವರ ಬಿಟ್ಟಿತೆಂದು ಇಂಜೆಕ್ಷನ್ ಬಿಡಬೇಡಿ

ಬೈಂದೂರಿನ ಸಹೋದರಿಯವರಿಗೆ,

ನಾಟಿ ಗದ್ದೆಗೆ ಇಳಿದಿದ್ದ ನಿಮ್ಮ ಯಜಮಾನರಿಗೆ ಇಲಿಜ್ವರವೆಂದು ವೈದ್ಯರು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದ್ದು ಸರಿಯಾಗಿಯೇ ಇದೆ. ಕುಂದಾಪುರ, ಬ್ರಹ್ಮಾವರ ಕಡೆಯಲ್ಲೂ ಮಳೆಗಾಲದಲ್ಲಿ ಈ ಜ್ವರ ಹೊಸತಲ್ಲ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಎರಡು ದಿನಕ್ಕೆ ಜ್ವರ ಇಳಿದರೂ ಉಳಿದ ಡೋಸ್ ತಪ್ಪಿಸಬೇಡಿ. ಸಾಮಾನ್ಯವಾಗಿ 7 ದಿನದ ಚಿಕಿತ್ಸೆ ಬೇಕು. ನಡುವೆ ಮಾತ್ರೆಗೆ ಬದಲಿಸುವುದು ವೈದ್ಯರ ತೀರ್ಮಾನ.

ಹಿಂದೆ ಪೆನಿಸಿಲಿನ್ ಅಥವಾ ಬೇರೆ ಔಷಧಿಯಿಂದ ಮೈಯೆಲ್ಲ ದದ್ದು ಎದ್ದಿತ್ತೇ, ದಿನಾ ಯಾವ ಮಾತ್ರೆ ತಿನ್ನುತ್ತಾರೆ ಎಂಬುದನ್ನು ಸೂಜಿ ಚುಚ್ಚುವ ಮೊದಲೇ ಹೇಳಿ. ಟೆಸ್ಟ್ ಡೋಸ್‌ನಲ್ಲಿ ಏನೂ ಆಗಲಿಲ್ಲವೆಂದು ಬಸ್ ಹಿಡಿಯಲು ಓಡಬೇಡಿ. ಪೂರ್ತಿ ಡೋಸ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಆ ಕ್ಷಣವೇ ನರ್ಸ್‌ಗೆ ಹೇಳಿ; ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್.

ಮಕ್ಕಳಿಗೆ ಶೀತ, ಕೆಮ್ಮು ಬಂದಾಗ ಇದೇ ಇಂಜೆಕ್ಷನ್ ಕೊಡಿಯೆಂದು ಒತ್ತಾಯಿಸುವುದು ಮಾತ್ರ ಬೇಡ. ಅವು ಹೆಚ್ಚಾಗಿ ವೈರಸ್ಸಿನಿಂದ ಬರುವಂಥವು, ವೈರಸ್ಸಿಗೆ ಇದು ನಾಟುವುದಿಲ್ಲ.

ಯಜಮಾನರಿಗೆ ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.