ಕ್ಯಾಮೆರಾ ಕೇಳಿತು, ಸ್ವಿಚ್ ಕೊಡಲಿಲ್ಲ: ನೆಟ್‌ವರ್ಕ್ ಕೇಬಲಿನೊಳಗಿನ ವಿದ್ಯುತ್ ಮಾತುಕತೆ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ವೆಬ್‌ಕಾಸ್ಟಿಂಗ್ ಜಾರಿಗೆ ತಂದಿತು. 2025ರಲ್ಲಿ ಅದು ದ್ವಿತೀಯ ಪಿಯುಸಿ ಪರೀಕ್ಷೆಗೂ ಬಂತು. ಆದ್ದರಿಂದ ಪರೀಕ್ಷೆ ನಡೆಯುತ್ತಿರುವಾಗ ಕೊಠಡಿಯ ಕ್ಯಾಮೆರಾ ಕಣ್ಣು ಮುಚ್ಚಿದರೆ ಅದೀಗ ‘ಆಮೇಲೆ ನೋಡುವ’ ಎನ್ನುವ ಸಣ್ಣ ರಿಪೇರಿಯಲ್ಲ. ಮುಖ್ಯ ಅಧೀಕ್ಷಕರು ಉತ್ತರ ಕೊಡಬೇಕಾದ ವಿಷಯ. ಹೆಚ್ಚಿನವರು ಆಗ ಮಾಡುವುದು ಕ್ಯಾಮೆರಾ ಬದಲಿಸುವುದನ್ನೇ. ಹೊಸತೂ ಹತ್ತದಿದ್ದರೆ ‘ಕಂಪೆನಿಯೇ ಸರಿಯಿಲ್ಲ’ ಎಂಬ ತೀರ್ಮಾನ. ದೋಷ ಇರುವುದು ಬಹಳ ಸಲ ಕ್ಯಾಮೆರಾದಲ್ಲಿ ಅಲ್ಲ, ಕ್ಯಾಮೆರಾ ಮತ್ತು ಸ್ವಿಚ್‌ನ ನಡುವಿನ ಮಾತುಕತೆಯಲ್ಲಿ.

ಐಪಿ ಕ್ಯಾಮೆರಾ, ವೈಫೈ ಅಕ್ಸೆಸ್ ಪಾಯಿಂಟ್‌ಗಳಿಗೆ ಬೇರೆ ಪ್ಲಗ್ ಇಲ್ಲದೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕಳಿಸುವ ವಿಧಾನಕ್ಕೆ ಪವರ್ ಓವರ್ ಈಥರ್‌ನೆಟ್, ಚಿಕ್ಕದಾಗಿ ಪಿಒಇ, ಎನ್ನುತ್ತಾರೆ. ಕಲ್ಪನೆ ಹಳೆಯದೇ. ಮನೆಯ ಲ್ಯಾಂಡ್‌ಲೈನ್ ಫೋನು ಊರಲ್ಲಿ ಕರೆಂಟು ಹೋದರೂ ಮಾತಾಡುತ್ತಿತ್ತಲ್ಲ, ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಅದೇ ತಂತಿಯಲ್ಲಿ ಅದನ್ನು ನಡೆಸುತ್ತಿತ್ತು. ಪಿಒಇಗೆ ಐಇಇಇ ಸಂಸ್ಥೆ 2003ರಲ್ಲಿ 802.3 ಎಎಫ್ ಎಂಬ ಮಾನಕ ಮಾಡಿತು, 2009ರಲ್ಲಿ ಎಟಿ, 2018ರಲ್ಲಿ ಬಿಟಿ. ಸ್ವಿಚ್ ಒಂದು ಪೋರ್ಟಿನಿಂದ ಕೊಡುವ ಗರಿಷ್ಠ ಶಕ್ತಿ ಎಎಫ್‌ನಲ್ಲಿ 15.4 ವ್ಯಾಟ್, ಎಟಿಯಲ್ಲಿ 30 ವ್ಯಾಟ್, ಬಿಟಿಯಲ್ಲಿ 90 ವ್ಯಾಟ್ ವರೆಗೆ.

ಸ್ವಿಚ್ ಕೇಳುವ ಪ್ರಶ್ನೆಗಳು

ಫೋನಿನ ಎಕ್ಸ್‌ಚೇಂಜಿನಂತೆ ಸ್ವಿಚ್ ಸದಾ 48 ವೋಲ್ಟ್ ಹರಿಸುತ್ತಾ ಕೂರುವುದಿಲ್ಲ. ಆ ಕೇಬಲಿಗೆ ಯಾರೋ ಲ್ಯಾಪ್‌ಟಾಪ್ ಚುಚ್ಚಿದರೆ ಸುಟ್ಟೀತು. ಅದಕ್ಕೆ ಮೊದಲು ಪರೀಕ್ಷೆ. ಸ್ವಿಚ್ 2.8ರಿಂದ 10 ವೋಲ್ಟ್ ಒಳಗಿನ ಸಣ್ಣ ವೋಲ್ಟೇಜನ್ನು ಎರಡು ಬೇರೆ ಮಟ್ಟಗಳಲ್ಲಿ ಕೊಟ್ಟು, ಹರಿದ ಕರೆಂಟನ್ನು ಅಳೆದು ರೋಧವನ್ನು ಲೆಕ್ಕ ಹಾಕುತ್ತದೆ. ಓಮ್‌ನ ನಿಯಮವೇ. ಪಿಒಇ ಸಾಧನದೊಳಗೆ ಸುಮಾರು 25 ಕಿಲೋ ಓಮ್‌ನ ‘ಸಹಿ’ ರೋಧ ಇರುತ್ತದೆ. 19ರಿಂದ 26.5 ಕಿಲೋ ಓಮ್ ಒಳಗೆ ಸಿಕ್ಕರೆ ಸ್ವಿಚ್ ಒಪ್ಪಲೇಬೇಕು. 15ಕ್ಕಿಂತ ಕಡಿಮೆಯೋ 33ಕ್ಕಿಂತ ಹೆಚ್ಚೋ ಇದ್ದರೆ ತಿರಸ್ಕರಿಸಲೇಬೇಕು. ನಡುವಿನದ್ದು ಆಯಾ ಸ್ವಿಚ್‌ನ ಇಷ್ಟ.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಖಾಲಿ ಪೋರ್ಟಿಗೆ ಮಲ್ಟಿಮೀಟರ್ ಇಟ್ಟು ‘48 ವೋಲ್ಟೇ ಇಲ್ಲ, ಪೋರ್ಟ್ ಸತ್ತಿದೆ’ ಎಂದು ಘೋಷಿಸುವವರು ಇದ್ದಾರೆ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. ಅದು 25 ಕಿಲೋ ಓಮ್ ಅಲ್ಲ. ಹಾಗಾಗಿ ಆರೋಗ್ಯವಂತ ಪೋರ್ಟ್ ಕೂಡ ಅದಕ್ಕೆ ಕರೆಂಟು ಕೊಡುವುದಿಲ್ಲ.

ಸಹಿ ಸರಿಯಾದರೆ ಎರಡನೇ ಪ್ರಶ್ನೆ: ‘ನಿನಗೆಷ್ಟು ಬೇಕು?’ ಸ್ವಿಚ್ 15.5ರಿಂದ 20.5 ವೋಲ್ಟ್ ನಡುವೆ ಕೊಡುತ್ತದೆ, ಸಾಧನ ಒಂದು ನಿಗದಿತ ಕರೆಂಟು ಎಳೆದು ತನ್ನ ಕ್ಲಾಸ್ ತಿಳಿಸುತ್ತದೆ. 9ರಿಂದ 12 ಮಿಲಿ ಆಂಪಿಯರ್ ಎಳೆದರೆ ಒಂದನೇ ಕ್ಲಾಸ್, 4 ವ್ಯಾಟ್ ಸಾಕು. 17ರಿಂದ 20 ಎಂದರೆ ಎರಡನೇ ಕ್ಲಾಸ್, 7 ವ್ಯಾಟ್. 26ರಿಂದ 30 ಮೂರನೇ ಕ್ಲಾಸ್, 15.4 ವ್ಯಾಟ್. 36ರಿಂದ 44 ನಾಲ್ಕನೇ ಕ್ಲಾಸ್, 30 ವ್ಯಾಟ್. ಏನೂ ಹೇಳದಿದ್ದರೆ ಸೊನ್ನೆ ಕ್ಲಾಸ್, ಸ್ವಿಚ್ ಸುರಕ್ಷಿತವಾಗಿರಲೆಂದು 15.4 ಎಂದೇ ಇಟ್ಟುಕೊಳ್ಳುತ್ತದೆ. ಆಮೇಲಷ್ಟೇ ಪೂರ್ತಿ ವೋಲ್ಟೇಜ್.

ನಾಲ್ಕನೇ ಕ್ಲಾಸಿನವರಿಗೆ ಇನ್ನೊಂದು ಹಂತ ಇದೆ. ಎಟಿ ಸ್ವಿಚ್ ಕ್ಲಾಸ್ ಪ್ರಶ್ನೆಯನ್ನು ಎರಡು ಸಲ ಕೇಳಿ ‘ನನ್ನಲ್ಲಿ 30 ವ್ಯಾಟ್ ಇದೆ’ ಎಂದು ತಿಳಿಸುತ್ತದೆ. ಅಥವಾ ಒಂದೇ ಸಲ ಕೇಳಿ, ಸಾಧನ ಬೂಟ್ ಆದ ಮೇಲೆ ಎಲ್‌ಎಲ್‌ಡಿಪಿ ಎಂಬ ಪ್ರೋಟೋಕಾಲ್ ಮೂಲಕ ಡೇಟಾ ಸಂದೇಶದಲ್ಲೇ ಇತ್ಯರ್ಥ ಮಾಡುತ್ತದೆ. ಎರಡೂ ಆಗದಿದ್ದರೆ ಸಾಧನ 12.95 ವ್ಯಾಟ್‌ನಲ್ಲೇ ಬದುಕಬೇಕು. ವೈಫೈ ಅಕ್ಸೆಸ್ ಪಾಯಿಂಟ್ ದೀಪ ಹೊತ್ತಿಸಿಕೊಂಡು ಸರಿಯಾಗಿಯೇ ಕಾಣುತ್ತದೆ, ಆದರೆ ಒಂದು ರೇಡಿಯೋ ಮುಚ್ಚಿರಬಹುದು, ವೇಗ ಅರ್ಧಕ್ಕಿಳಿದಿರಬಹುದು. ಎಲ್ಲರೂ ಇಂಟರ್‌ನೆಟ್ ಕೊಟ್ಟವರನ್ನು ಬೈಯುತ್ತಾರೆ. ಸ್ವಿಚ್‌ನ ಸೆಟ್ಟಿಂಗಿನಲ್ಲಿ ಎಲ್‌ಎಲ್‌ಡಿಪಿ ಆಫ್ ಆಗಿದೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಸಂಜೆಯಾದರೆ ರೀಸ್ಟಾರ್ಟ್ ಆಗುವ ಕ್ಯಾಮೆರಾ

ಇದು ಬಹಳ ಕಡೆ ಕೇಳುವ ದೂರು: ಹಗಲೆಲ್ಲ ಸರಿ, ಮಗ್ರಿಬ್ ಹೊತ್ತಿಗೆ ಕ್ಯಾಮೆರಾ ಆಫ್, ಮತ್ತೆ ಆನ್, ಮತ್ತೆ ಆಫ್. ಕತ್ತಲಾದಾಗ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಬೇಡಿಕೆ ಒಮ್ಮೆಲೇ ಏರುತ್ತದೆ. ಮಾತುಕತೆಯಲ್ಲಿ ಅಷ್ಟು ಶಕ್ತಿ ಸಿಕ್ಕಿದೆ. ಆದರೆ ಕೇಬಲು ಅದನ್ನು ತಲುಪಿಸುತ್ತಿಲ್ಲ. ವೋಲ್ಟೇಜ್ ಬಿದ್ದು ಕ್ಯಾಮೆರಾ ಆಫ್ ಆಗುತ್ತದೆ, ಹೊರೆ ಇಳಿದದ್ದರಿಂದ ಮತ್ತೆ ಏಳುತ್ತದೆ, ಎಲ್‌ಇಡಿ ಹೊತ್ತಿದೊಡನೆ ಪುನಃ ಬೀಳುತ್ತದೆ.

ಎಷ್ಟು ಬೀಳುತ್ತದೆ ಎಂದು ಲೆಕ್ಕ ಮಾಡೋಣ. ಎಎಫ್ ಮಾನಕದ ಅಂಕೆ ನೋಡಿ: 44 ವೋಲ್ಟ್, 0.35 ಆಂಪಿಯರ್, ಗುಣಿಸಿದರೆ 15.4 ವ್ಯಾಟ್. ಹೋಗಿ ಬರುವ ಕೇಬಲಿನ ಗರಿಷ್ಠ ರೋಧ 20 ಓಮ್ ಎಂದು ಇಟ್ಟುಕೊಂಡಿದ್ದಾರೆ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ 2.45 ವ್ಯಾಟ್ ಶಾಖವಾಗಿ ಹೋಯಿತು. ಉಳಿದದ್ದು 12.95. ಎಲ್ಲಿಂದಲೋ ಬಂದಂತೆ ಕಾಣುವ ಆ 12.95 ಎಂಬ ಅಂಕೆ ನಿಮ್ಮ ದ್ವಿತೀಯ ಪಿಯುಸಿ ಪಾಠದಿಂದಲೇ ಬಂದದ್ದು.

ಎಟಿಯಲ್ಲಿ ಕರೆಂಟು 0.6 ಆಂಪಿಯರ್, ಸ್ವಿಚ್‌ನಲ್ಲಿ ಕನಿಷ್ಠ 50 ವೋಲ್ಟ್, ಸಾಧನದ ಬಳಿ ಕನಿಷ್ಠ 42.5 ವೋಲ್ಟ್ ಇರಬೇಕು. ಒಳ್ಳೆಯ ತಾಮ್ರದ 100 ಮೀಟರ್ ಕೇಬಲಿನಲ್ಲಿ ಹೋಗಿ ಬರುವ ರೋಧ ಸುಮಾರು 9.4 ಓಮ್. ಬೀಳುವುದು 5.6 ವೋಲ್ಟ್, ಉಳಿಯುವುದು 44.4. ಪಾಸ್. ಈಗ ಅದೇ ಜಾಗದಲ್ಲಿ ಅಗ್ಗದ, ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಇರುವ ಕೇಬಲ್ ಹಾಕಿ. ಅಲ್ಯುಮಿನಿಯಂನ ರೋಧಶೀಲತೆ ತಾಮ್ರದ ಸುಮಾರು 1.6 ಪಟ್ಟು, ರೋಧ 15 ಓಮ್ ಆಸುಪಾಸು. ಬೀಳುವುದು 9 ವೋಲ್ಟ್, ಉಳಿಯುವುದು 41. ಫೇಲ್. ಇಷ್ಟಕ್ಕೇ ನಿಲ್ಲುವುದಿಲ್ಲ: ಕ್ಯಾಮೆರಾ ತನಗೆ ಬೇಕಾದ ವ್ಯಾಟ್ ಎಳೆಯುವುದರಿಂದ ವೋಲ್ಟೇಜ್ ಇಳಿದಷ್ಟೂ ಕರೆಂಟು ಹೆಚ್ಚು ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ.

ಅಂಥ ಕೇಬಲನ್ನು ಗುರುತಿಸುವುದು ಕಷ್ಟವಲ್ಲ. ಬಾಕ್ಸ್ ಎತ್ತಿದರೆ ಹಗುರ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ಪಿಒಇಗೆ ಈ ಕೇಬಲ್ ಬೇಡವೇ ಬೇಡ. ಉಳಿಸಿದ ದುಡ್ಡು ಎರಡು ಸಲ ಏಣಿ ಹತ್ತುವಷ್ಟರಲ್ಲಿ ಮುಗಿಯುತ್ತದೆ.

ಕರಾವಳಿಯದ್ದೇ ಆದ ಕಾಯಿಲೆ

ಕಾಪು ಕಡಲ ತೀರದ ಉಪ್ಪುಗಾಳಿ, ಕಾರ್ಕಳ ಕಡೆಯ ಜಡಿಮಳೆ, ಎರಡೂ ಪ್ಲಗ್‌ನ ಚಿನ್ನದ ಲೇಪದ ಪಿನ್ನುಗಳಿಗೆ ಶತ್ರು. ಕೆಲವು ಜೋಡಣೆಗಳಲ್ಲಿ ಪಕ್ಕಪಕ್ಕದ 2 ಮತ್ತು 3ನೇ ಪಿನ್ನುಗಳೇ ವಿರುದ್ಧ ಧ್ರುವಗಳು. ಅವುಗಳ ನಡುವೆ ಉಪ್ಪುನೀರಿನ ಪಸೆ ಕೂತರೆ ಅದು 25 ಕಿಲೋ ಓಮ್‌ಗೆ ಸಮಾಂತರವಾಗಿ ಸೇರಿದ ಇನ್ನೊಂದು ರೋಧ. ಪಸೆಯ ರೋಧ 75 ಕಿಲೋ ಓಮ್ ಎಂದಿಟ್ಟುಕೊಳ್ಳಿ: ಒಟ್ಟು 18.75. ಅಂದರೆ ಒಂದು ಸ್ವಿಚ್ ಒಪ್ಪೀತು, ಇನ್ನೊಂದು ಒಪ್ಪಲಿಕ್ಕಿಲ್ಲ. 30 ಕಿಲೋ ಓಮ್ ಆದರೆ ಒಟ್ಟು 13.6, ಯಾವ ಸ್ವಿಚ್ಚೂ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಸರಿಯಿದ್ದ ಕ್ಯಾಮೆರಾ ಆಟಿಯಲ್ಲಿ ಕೈಕೊಟ್ಟು, ಬಿಚ್ಚಿ ಒಳಗೆ ತಂದು ಟೇಬಲ್ ಮೇಲಿಟ್ಟರೆ ಮಳ್ಳಿಯಂತೆ ನಡೆಯುವುದು ಇದರಿಂದ. ಜೊತೆಗೆ ಡಿಸಿ ವೋಲ್ಟೇಜ್ ಮತ್ತು ಉಪ್ಪುನೀರು ಸೇರಿದರೆ ವಿದ್ಯುದ್ವಿಭಜನೆ. ಧನ ಧ್ರುವದ ಪಿನ್ನು ಕರಗಿ ಹಸಿರು ಪುಡಿಯಾಗುತ್ತದೆ. ಹೊರಗಿನ ಜೋಡಣೆ ಜಲನಿರೋಧಕ ಪೆಟ್ಟಿಗೆಯೊಳಗೆ, ಕೇಬಲು ಕೆಳಗಿನಿಂದ ಬಳುಕಿ ಮೇಲೇರುವಂತೆ ಇರಲಿ, ನೀರು ಬಾಗಿನಲ್ಲೇ ತೊಟ್ಟಿಕ್ಕಲಿ. ಪಿನ್ನು ಹಸಿರಾಗಿದ್ದರೆ ಉಜ್ಜಬೇಡಿ, ತುಂಡರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿ.

ಸಿಡಿಲಿನ ಬಗ್ಗೆ ಒಂದೇ ಮಾತು: ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬದಲು ಫೈಬರ್ ಎಳೆಯುವುದು ಮೇಲು. ಮಣಿಪಾಲದಂಥ ಮುರಕಲ್ಲಿನ ಗುಡ್ಡದಲ್ಲಿ ಒಳ್ಳೆಯ ಅರ್ಥಿಂಗ್ ಸುಲಭಕ್ಕೆ ಸಿಗುವುದಿಲ್ಲ.

ಎಲ್ಲಿಂದ ಹುಡುಕುವುದು?

ಏಣಿ ಹತ್ತುವ ಮೊದಲು ಸ್ವಿಚ್‌ನ ಪಿಒಇ ಪುಟ ತೆರೆಯಿರಿ. ಯಾವ ಪೋರ್ಟ್, ಯಾವ ಕ್ಲಾಸ್, ಎಷ್ಟು ವ್ಯಾಟ್ ಎಂದು ಅಲ್ಲೇ ಇರುತ್ತದೆ. ಸ್ವಿಚ್ ಇನ್ನೂ ‘ಹುಡುಕುತ್ತಿದೆ’ ಎಂದಿದ್ದರೆ ಸಹಿ ಸಿಕ್ಕಿಲ್ಲ: ಕೇಬಲ್, ಪ್ಲಗ್, ತೇವ. ‘ನಿರಾಕರಿಸಲಾಗಿದೆ’ ಎಂದಿದ್ದರೆ ಸಹಿ ಸರಿ, ಬಜೆಟ್ ಮುಗಿದಿದೆ. ಎಂಟು ಪಿಒಇ ಪೋರ್ಟ್ ಇದೆ ಎಂದ ಮಾತ್ರಕ್ಕೆ ಎಂಟಕ್ಕೂ ಪೂರ್ತಿ ಶಕ್ತಿ ಇದೆ ಎಂದಲ್ಲ. ಎಂಟು ಸಲ 15.4 ಎಂದರೆ 123.2 ವ್ಯಾಟ್, ಅಗ್ಗದ ಸ್ವಿಚ್‌ನ ಒಟ್ಟು ಬಜೆಟ್ ಅದರ ಅರ್ಧ ಇರುವುದೂ ಉಂಟು. ಹೊಸ ಕ್ಯಾಮೆರಾ ಸೇರಿಸಿದ ದಿನವೇ ಹಳೆಯದೊಂದು ಆರಿದರೆ ಮೊದಲ ಸಂಶಯ ಇಲ್ಲಿ. ಪರೀಕ್ಷಾ ಕೊಠಡಿಯ ಪೋರ್ಟುಗಳಿಗೆ ಹೆಚ್ಚಿನ ಆದ್ಯತೆ ಕೊಟ್ಟಿಟ್ಟರೆ ಕತ್ತರಿ ಬಿದ್ದಾಗ ಅವು ಉಳಿಯುತ್ತವೆ.

ಪುಟ ಇಲ್ಲದ ಸಾದಾ ಸ್ವಿಚ್ ಆದರೆ, ಸಾಧನವನ್ನು ಕೆಳಗೆ ತಂದು ಒಂದು ಮೀಟರಿನ ಒಳ್ಳೆಯ ಪ್ಯಾಚ್ ಕಾರ್ಡ್‌ನಲ್ಲಿ ಅದೇ ಪೋರ್ಟಿಗೆ ಜೋಡಿಸಿ. ನಡೆದರೆ ದೋಷ ಕೇಬಲಿನದು. ನಡೆಯದಿದ್ದರೆ ಪೋರ್ಟ್ ಬದಲಿಸಿ. ಆಗಲೂ ಇಲ್ಲದಿದ್ದರೆ ಉಳಿದವನ್ನೆಲ್ಲ ಕಳಚಿ ಇದೊಂದನ್ನೇ ಇಟ್ಟು ನೋಡಿ. ಆಮೇಲೆ ಬೇಕಾದರೆ ಕ್ಯಾಮೆರಾವನ್ನು ಸಂಶಯಿಸಿ. ಒಂದು ಎಚ್ಚರಿಕೆ: ಕೆಲವು ವೈಫೈ ಸಾಧನಗಳೊಂದಿಗೆ ಬರುವ 24 ವೋಲ್ಟಿನ ಇಂಜೆಕ್ಟರ್ ಏನನ್ನೂ ಕೇಳದೆ ನೇರ ಕರೆಂಟು ಸುರಿಯುತ್ತದೆ. ಪ್ಲಗ್ ಹೊಂದಿಕೊಂಡಿತೆಂದು ಅದನ್ನು ಬೇರೆ ಸಾಧನಕ್ಕೆ ಚುಚ್ಚಬೇಡಿ. ಸ್ವಿಚ್‌ನ 230 ವೋಲ್ಟ್ ಬದಿಯನ್ನು ವಿದ್ಯಾರ್ಥಿಗಳು ಬಿಚ್ಚುವುದೂ ಬೇಡ.

ಮಾಡಿ ನೋಡಲು ಒಂದು ಲೆಕ್ಕ: ಕ್ಲಾಸಿಗೆ ತಕ್ಕಂತೆ ಪೂರ್ತಿ ಶಕ್ತಿ ಕಾದಿರಿಸುವ ಸ್ವಿಚ್ ಒಂದರ ಬಜೆಟ್ 120 ವ್ಯಾಟ್. ನಾಲ್ಕನೇ ಕ್ಲಾಸಿನ ಮೂರು ಅಕ್ಸೆಸ್ ಪಾಯಿಂಟ್‌ಗಳನ್ನು ಮೊದಲು ಜೋಡಿಸಿ, ಆಮೇಲೆ ಮೂರನೇ ಕ್ಲಾಸಿನ ಮೂರು ಕ್ಯಾಮೆರಾಗಳನ್ನು ಒಂದೊಂದಾಗಿ ಜೋಡಿಸಲಾಯಿತು. ಎಷ್ಟು ಕ್ಯಾಮೆರಾ ಹತ್ತುತ್ತವೆ? ಕ್ಯಾಮೆರಾಗಳು ಎರಡನೇ ಕ್ಲಾಸಿನವಾಗಿದ್ದರೆ?